‘ಅಯ್ಯೋ’ ಅನ್ನಿಸಿದವರು ಯಾರು?

ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ವ್ಯಾಕರಣದಲ್ಲಿ ಆಹಾ, ಅಯ್ಯೋ, ಛೀ, ಭಲೇಗಳಿಗೆ ಭಾವಸೂಚಕಾವ್ಯಯ ಅಂತ ಹೆಸರು. ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ವ್ಯಯವಾಗದ್ದು, ಅಂದರೆ ಬದಲಾಗದ್ದು, ಅವ್ಯಯ. ಇದಕ್ಕೇ ನಿಪಾತ ಅನ್ನುವ ಇನ್ನೊಂದು ಹೆಸರೂ ಉಂಟು. ಸಂಸ್ಕೃತದ ‘ಪತ್’ ಅಂದರೆ ಬೀಳು. ನಿಪಾತ ಅಂದರೆ ಬಿದ್ದದ್ದು. ಇಂಗ್ಲಿಷಿನ ಇಂಟರ್ಜೆಕ್ಷನ್ ಲ್ಯಾಟಿನ್ನಿನಿಂದ ಬಂತು. ಅದರ ಅರ್ಥ ನಡುವೆ ಎಸೆದದ್ದು. ಒಬ್ಬರಿಗೆ ಬಿದ್ದದ್ದು, ಇನ್ನೊಬ್ಬರಿಗೆ ಎಸೆದದ್ದು! ಕರ್ತೃ, ಕರ್ಮ, ಕ್ರಿಯಾಪದಗಳ ಸಂಬಂಧದೊಳಕ್ಕೆ ಇದಕ್ಕೆ ಪ್ರವೇಶವಿಲ್ಲ. ಊರಾಚೆ ಕೇರಿ ಇದ್ದ ಹಾಗೆ ವಾಕ್ಯದಾಚೆ ಅಯ್ಯೋ.

ಗ್ರೀಕ್ ವೈಯಾಕರಣರು ಇದನ್ನು ಕ್ರಿಯಾವಿಶೇಷಣದ ಬಾಲಕ್ಕೆ ಕಟ್ಟಿದ್ದರು. ಪ್ರತ್ಯೇಕ ಪದವರ್ಗವಾಗಿ ನಿಲ್ಲಿಸಿದ ಹೆಗ್ಗಳಿಕೆ ಒಂದನೆಯ ಶತಮಾನದ ರೋಮಿನ ಮೇಷ್ಟ್ರು ರೆಮ್ಮಿಯಸ್ ಪಲೇಮನ್‌ಗೆ ಸಲ್ಲುತ್ತದೆ. ಆತ ಹುಟ್ಟಿದ್ದು ಗುಲಾಮನಾಗಿ. ಮೊದಲು ನೇಯ್ಗೆ ಕಲಿತ. ಒಡತಿಯ ಮಗನ ಜೊತೆ ಶಾಲೆಗೆ ಹೋಗುತ್ತ ಅಕ್ಷರ ಕಲಿತ ಅಂತ ಸ್ಯೂಟೋನಿಯಸ್ ಬರೆದಿದ್ದಾನೆ. ಆತನ ಹೆಸರಿನಲ್ಲಿ ಉಳಿದಿರುವ ಲಕ್ಷಣದ ಸಾರ ಇಷ್ಟು: ಇವುಗಳಲ್ಲಿ ಕಲಿಸುವಂಥದ್ದು ಏನೂ ಇಲ್ಲ, ಮನಸ್ಸಿನ ಕಳವಳವನ್ನು ಮಾತ್ರ ತೋರುತ್ತವೆ. ಗುಲಾಮಗಿರಿ ಉಂಡವನ ಮಾತಾದರೂ ಸರಿಯೆ, ನಮ್ಮ ತಕರಾರು ಇರುವುದು ಅಲ್ಲೇ.

ಕಲಿಸಲಿಕ್ಕೆ ಏನೂ ಇಲ್ಲವೆ? ಬಾವಿಕಟ್ಟೆ ಮೇಲೆ ನಿಂತವನ ‘ಛೀ’, ಕೆಳಗೆ ಕೊಡ ಹಿಡಿದು ನಿಂತವಳ ‘ಅಯ್ಯೋ’ ಎರಡೂ ಒಂದೇ ಪಂಕ್ತಿಯ ಅವ್ಯಯಗಳೆ? ಪದಕ್ಕೆ ಲಿಂಗ, ವಚನ ಇಲ್ಲದಿರಬಹುದು; ಅದನ್ನು ಆಡುವ ಬಾಯಿಗೆ ಈ ನಾಡಿನಲ್ಲಿ ಜಾತಿ ಇದೆ ಸ್ವಾಮಿ.

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ‘ಸುಟ್ಟರು’ ಅನ್ನುವ ಕ್ರಿಯಾಪದ ಉಳಿಯಿತು, ಸುಟ್ಟುಹೋದ ಏಳು ಕರ್ಮಪದಗಳು ಉಳಿದವು. ಕರ್ತೃಪದ ಮಾತ್ರ ಇವತ್ತಿಗೂ ಖಾಲಿ. ಉಳಿದಿದ್ದು ನಮ್ಮ ಅಯ್ಯೋ. ಅದಕ್ಕೆ ಮರುಗಿ ‘ಪಾಪ’ ಅಂದವರದೂ ಇನ್ನೊಂದು ಅವ್ಯಯ, ಅಷ್ಟೆ. ಅದೂ ಏನನ್ನೂ ಬದಲಿಸಲಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳೆ, ‘ಅಯ್ಯೋ’ ಮುಂದೆ ಒಂದು ಚಿಹ್ನೆ ಹಾಕಿಸಿ ಕೈತೊಳಕೋಬೇಡಿ. ಮುಂದಿನ ವಾಕ್ಯವನ್ನೂ ಬರೆಸಿ: ಯಾರು ಹೊಡೆದರು, ಯಾರಿಗೆ, ಎಲ್ಲಿ, ಯಾವಾಗ, ಯಾರ ಎದುರಿಗೆ. 1989ರ ದೌರ್ಜನ್ಯ ತಡೆ ಕಾಯಿದೆ ಕೇಳೋದೂ ಈ ವಾಕ್ಯವನ್ನೇ. ನಿಟ್ಟುಸಿರನ್ನು ಯಾವ ಠಾಣೆಯೂ ದಾಖಲು ಮಾಡಿಕೊಳ್ಳೋದಿಲ್ಲ. ಕರ್ತೃವಿನ ಹೆಸರು ಹಿಡಿದು ಹೇಳಬಲ್ಲ ಮಕ್ಕಳು ನಮ್ಮ ಕೇರಿಗಳಿಂದ ಎದ್ದು ಬರಲಿ. ಆವತ್ತು ಈ ಅವ್ಯಯವೂ ಬದಲಾಗುತ್ತದೆ.