ತನ್ನ ಲೆಕ್ಕ ತನಗೇ ಗುಟ್ಟು

ತಾನೇ ಬರೆದುಕೊಟ್ಟ ಲೆಕ್ಕವನ್ನು ಹೇಗೆ ಕೂಡಿ ಕಳೆದಿರಿ ಎಂದು ಕೇಳಿದರೆ, 'ಅದು ಗೋಪ್ಯ, ನಿಮಗೆ ತೋರಿಸಲಾಗದು' ಎಂಬ ಉತ್ತರ ಬಂದರೆ ವ್ಯಾಪಾರಿ ನಗಬೇಕೋ ಅಳಬೇಕೋ? ರಿಲಯನ್ಸ್ ಇಂಡಸ್ಟ್ರೀಸ್‌ಗೆ ಆದದ್ದು ಹೆಚ್ಚುಕಡಿಮೆ ಇದೇ. ಆಂಟಿ-ಡಂಪಿಂಗ್ ಸುಂಕದ ಆ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2006ರಲ್ಲಿ ತೀರ್ಮಾನವಾಯಿತು.

ಹೊರದೇಶದ ಕಾರ್ಖಾನೆ ತನ್ನಲ್ಲಿ ನೂರು ರೂಪಾಯಿಗೆ ಮಾರುವ ಸರಕನ್ನು ಇಲ್ಲಿಗೆ ಎಪ್ಪತ್ತಕ್ಕೆ ಕಳಿಸಿದರೆ ಅದು ಡಂಪಿಂಗ್. ಆ ಮೂವತ್ತು ರೂಪಾಯಿ ಮೀರದಂತೆ ಸುಂಕ ಹಾಕಲು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಕಲಂನಲ್ಲಿ ಅವಕಾಶವಿದೆ. ಸರಕು ಅಗ್ಗ ಎಂದರಷ್ಟೇ ಸಾಲದು. ಅದರಿಂದಲೇ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿತ್ತೆಂದು ರುಜುವಾತಾಗಬೇಕು. ರಾಮನಗರ, ಶಿಡ್ಲಘಟ್ಟದ ರೀಲರುಗಳಿಗೆ ಇದು ಹೊಸ ಮಾತಲ್ಲ. ಚೀನಾದ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಇದೇ ಸುಂಕ ಬಿದ್ದಿತ್ತು. ನೂಲು ತೆಗೆಯುವವನಿಗೆ ಆಸರೆ, ನೇಯುವವನಿಗೆ ಹೊರೆ.

ಹಾಗಾಗಿ ಇಲ್ಲಿ ಎದುರುಬದುರು ನಿಲ್ಲುವವರು ಬಹಳ. ವಿಚಾರಣೆ ನಡೆಸುವುದು ವಾಣಿಜ್ಯ ಸಚಿವಾಲಯದ ನಿಯುಕ್ತ ಪ್ರಾಧಿಕಾರಿ. ಅವರ ಮುಂದೆ ಎಲ್ಲರೂ ಖರ್ಚು, ಲಾಭ, ಗಿರಾಕಿಗಳ ವಿವರ ಬಿಚ್ಚಿಡಬೇಕು. ಪ್ರತಿಸ್ಪರ್ಧಿಯ ಕೈಗೆ ಸಿಕ್ಕರೆ ಮುಗಿಯಿತು. ಅದಕ್ಕೆಂದೇ 1995ರ ನಿಯಮಗಳಲ್ಲಿ ಏಳನೆಯದು ಇದೆ. ಗುಟ್ಟು ಬೇಕೆಂದವನು ಕಾರಣ ಹೇಳಬೇಕು. ಇತರರಿಗೆ ಅರ್ಥವಾಗುವಂಥ ಸಾರಾಂಶ ಕೊಡಬೇಕು. ಅದೂ ಆಗದಿದ್ದರೆ ಏಕಾಗದು ಎಂದಾದರೂ ತಿಳಿಸಬೇಕು. ಕಾರಣ ಒಪ್ಪಿತವಾಗದಿದ್ದರೆ ಆ ಮಾಹಿತಿಯನ್ನು ಪ್ರಾಧಿಕಾರಿ ಬದಿಗಿಡಬಹುದು. ಆದರೆ ಆರನೆಯ ನಿಯಮ ಹೇಳುವುದೇ ಬೇರೆ: ಒಬ್ಬರು ಕೊಟ್ಟ ಸಾಕ್ಷ್ಯ ಮತ್ತೊಬ್ಬರಿಗೂ ಸಿಗಬೇಕು. ಅತ್ತೆ ಸೊಸೆಯರನ್ನು ಒಂದೇ ಅಡುಗೆಮನೆಗೆ ಬಿಟ್ಟ ಹಾಗೆ.

ಬಳಕೆಯಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಗುಟ್ಟೇ. ಬಹಿರಂಗ ಪ್ರತಿಯಲ್ಲಿ ಅಂಕಿ ಇರಬೇಕಾದಲ್ಲಿ ಮೂರು ನಕ್ಷತ್ರ ಕೂತಿರುತ್ತವೆ. ನಕ್ಷತ್ರ ನೋಡಿ ವಾದಿಸುವುದು ವಕೀಲರ ಕೆಲಸವೋ ಜೋಯಿಸರದೋ! ಕೆಲವೆಡೆ ಮೊದಲ ವರ್ಷವನ್ನು ನೂರೆಂದಿಟ್ಟುಕೊಂಡು ಮುಂದಿನವನ್ನು ಅದಕ್ಕೆ ಹೋಲಿಸಿ ತೋರಿಸುವುದುಂಟು. ಏರಿತೋ ಇಳಿಯಿತೋ ಅಷ್ಟಾದರೂ ತಿಳಿಯುತ್ತದೆ, ಇದು ವಾಸಿ.

ರಿಲಯನ್ಸ್ ಪ್ರಕರಣದಲ್ಲಿ ಜಗಳ 'ಹಾನಿರಹಿತ ಬೆಲೆ'ಯದು. ಎಷ್ಟಕ್ಕೆ ಮಾರಿದರೆ ದೇಶೀ ಉದ್ಯಮಕ್ಕೆ ನಷ್ಟವಾಗದೋ ಆ ಬೆಲೆ ಅದು. ಅದರ ವೆಚ್ಚದ ವಿವರವನ್ನು ಪ್ರಾಧಿಕಾರಿ ಆ ಕಂಪನಿಗೇ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಗೋಪ್ಯತೆಯ ಹಕ್ಕು ಮಾಹಿತಿ ಕೊಟ್ಟವನದು, ಪ್ರಾಧಿಕಾರಿಯದಲ್ಲ. ಏಳನೆಯ ನಿಯಮದಲ್ಲಿ ಅಂಥ ಅಧಿಕಾರವನ್ನು ಅವರಿಗೆ ಕೊಟ್ಟೇ ಇಲ್ಲ ಎಂದಿತು. ಪ್ರಾಧಿಕಾರಿ ಬರೀ ಕಡತ ನೋಡುವವರಲ್ಲ, ಹೆಚ್ಚುಕಡಿಮೆ ನ್ಯಾಯಾಧೀಶರಂತೆ ಕಾರಣ ಕೊಟ್ಟು ತೀರ್ಮಾನಿಸಬೇಕಾದವರು ಎಂದೂ ಹೇಳಿತು.

ಕಂಪನಿಗೆ ತನ್ನ ಲೆಕ್ಕ ಕೇಳುವ ಹಕ್ಕು ಹೀಗೆ ಗಟ್ಟಿಯಾಯಿತು. ಆದರೆ ಸುಂಕ ತೆರುವ ಸಣ್ಣ ಆಮದುದಾರ ಆ ಕಂಪನಿಯಲ್ಲವಲ್ಲ! ಅದೇ ಬೆಲೆಯ ಆಧಾರದ ಮೇಲೆ ಐದು ವರ್ಷಗಳವರೆಗೆ ಸುಂಕ ಕಟ್ಟಬೇಕಾದವನು ಅವನು. ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಹೊರಟರೂ ಅವನ ಕೈಯಲ್ಲಿರುವುದು ಅವೇ ಮೂರು ನಕ್ಷತ್ರ.