ನಗೋಕೆ ಮುಂಚೆ ಅದು ಯಾವ ಕನ್ಫ್ಯೂಷನ್ ಅಂತ ನೋಡಿ

1/4
ಕ್ಲಾಸಲ್ಲಿ ಯಾರಾದ್ರೂ ‘ಲೆಂಡ್’ ಅನ್ನೋ ಕಡೆ ‘ಬಾರೋ’ ಅಂದ್ಬಿಟ್ರೆ ಹಿಂದಿನ ಬೆಂಚಿಂದ ಒಂದು ನಗು ಬಂದೇ ಬರುತ್ತೆ. ನಕ್ಕವರು ಎರಡು ನಿಮಿಷದಲ್ಲಿ ಮರೀತಾರೆ. ಹೇಳಿದವರು ಮಾತ್ರ ಆ ಸೆಮಿಸ್ಟರ್ ಪೂರ್ತಿ ಬಾಯಿ ಬಿಡಲ್ಲ. ಪಿಯುಸಿವರೆಗೂ ಕನ್ನಡ ಮೀಡಿಯಮ್ಮಲ್ಲಿ ಓದಿ, ಬಿಕಾಂಗೆ ಬಂದ ಕೂಡ್ಲೇ ಎಲ್ಲಾ ಇಂಗ್ಲಿಷ್ ಆಗಿಬಿಡೋರಿಗೆ ಇದು ಸಣ್ಣ ವಿಷಯ ಅಲ್ಲ. ಇಂಗ್ಲಿಷಿಗೆ ಹೆದರಿ ಡೌಟ್ ಕೇಳದೆ ಕೂತ್ರೆ ಕೊನೆಗೆ ಅಕೌಂಟ್ಸೂ ತಲೆಗೆ ಹತ್ತಲ್ಲ.

ನನ್ನ ಪ್ರಕಾರ ಇಂಗ್ಲಿಷ್ ಪದಗಳು ಅದಲು ಬದಲಾಗೋದು ದಡ್ಡತನ ಅಲ್ಲ. ಪ್ರತಿ ಕನ್ಫ್ಯೂಷನ್ನಿಗೂ ಒಂದು ಕಾರಣ ಇದೆ. ಕೆಲವು ಅರ್ಥದಿಂದ, ಕೆಲವು ಸ್ಪೆಲಿಂಗಿಂದ, ಕೆಲವು ಕಿವಿಯಿಂದ ಬರುತ್ತವೆ. ಎಲ್ಲದಕ್ಕೂ ‘ಗ್ರಾಮರ್ ಬುಕ್ ಓದು’ ಅನ್ನೋದು, ಜ್ವರಕ್ಕೂ ಹಲ್ಲುನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ.

2/4
ಮೊದಲು ಅರ್ಥ. ‘ಸಾಲ ಕೊಟ್ಟೆ’, ‘ಸಾಲ ತಗೊಂಡೆ’. ನಮ್ಮಲ್ಲಿ ಸಾಲ ಅನ್ನೋದು ಅಲ್ಲೇ ಇರುತ್ತೆ, ಕೊಡು-ತಗೋ ಮಾತ್ರ ಬದಲಾಗುತ್ತೆ. ಇಂಗ್ಲಿಷಲ್ಲಿ ಕೊಟ್ರೆ ಲೆಂಡ್, ತಗೊಂಡ್ರೆ ಬಾರೋ. ಪೂರ್ತಿ ಪದವೇ ಬೇರೆ.

ಇನ್ನೂ ಮಜಾ ‘ಸಾಲಗಾರ’ ಅನ್ನೋ ಪದದ್ದು. ‘ಅವನು ಊರೆಲ್ಲಾ ಸಾಲಗಾರ ಆದ’ ಅಂದ್ರೆ ಸಾಲ ಮಾಡಿದವನು. ‘ಸಾಲಗಾರರ ಕಾಟ’ ಅಂದ್ರೆ ಸಾಲ ಕೊಟ್ಟು ವಸೂಲಿಗೆ ಬಂದವರು. ಒಂದೇ ಪದ, ಎರಡು ಕಡೆಯವರಿಗೂ. ಇದನ್ನೇ ಕೇಳ್ಕೊಂಡು ಬೆಳೆದವರಿಗೆ ಡೆಟರ್, ಕ್ರೆಡಿಟರ್ ಅದಲು ಬದಲಾದ್ರೆ ಆಶ್ಚರ್ಯ ಏನಿದೆ? ಆದ್ರೆ ಬ್ಯಾಲೆನ್ಸ್ ಶೀಟಲ್ಲಿ ಡೆಟರ್ ಆಸ್ತಿ ಕಡೆ, ಕ್ರೆಡಿಟರ್ ಹೊಣೆ ಕಡೆ. ಅಲ್ಲಿ ಅದಲು ಬದಲಾದ್ರೆ ಲೆಕ್ಕ ಕೂಡಲ್ಲ.

‘ಕೇಳು’ ನೋಡಿ. ಸದ್ದು ಕೇಳಿದ್ರೆ ಹಿಯರ್, ಪಾಠ ಕೇಳಿದ್ರೆ ಲಿಸನ್, ಡೌಟ್ ಕೇಳಿದ್ರೆ ಆಸ್ಕ್. ‘ನೋಡು’ ಅನ್ನೋದಕ್ಕೂ ಅಷ್ಟೇ: ಸೀ, ಲುಕ್, ವಾಚ್. ಹಾಗಂತ ಕನ್ನಡ ಬಡ ಭಾಷೆ ಅಲ್ಲ. ನಮಗೆ ಭತ್ತ, ಅಕ್ಕಿ, ಅನ್ನ ಮೂರೂ ಬೇರೆ. ಇಂಗ್ಲಿಷಿಗೆ ಅಕ್ಕಿನೂ ರೈಸ್, ಅನ್ನನೂ ರೈಸ್. ಅಕ್ಕ-ತಂಗಿ ಇಬ್ಬರೂ ಬರೀ ಸಿಸ್ಟರ್. ಹೊರಗಿನಿಂದ ಬಂದವರು ಹೋಟೆಲಲ್ಲಿ ‘ಇನ್ನೊಂಚೂರು ಅಕ್ಕಿ ಹಾಕಿ’ ಅಂದ್ರೆ ನಾವು ಪ್ರೀತಿಯಿಂದ ‘ಅನ್ನ ಅನ್ನಿ’ ಅಂತೀವಿ. ‘ಪಾಪ, ಕನ್ನಡ ಕಲೀತಿದ್ದಾರೆ’ ಅಂತೀವಿ. ಅದೇ ಪ್ರೀತಿ ನಮ್ಮ ಕ್ಲಾಸಿನವರ ಮೇಲೆ ಯಾಕಿಲ್ಲ?

3/4
ಎರಡನೇದು ಸ್ಪೆಲಿಂಗ್. ನಾವು ಹೇಳಿದ್ದನ್ನೇ ಬರೀತೀವಿ, ಬರೆದಿದ್ದನ್ನೇ ಓದ್ತೀವಿ. ಇಂಗ್ಲಿಷಲ್ಲಿ ಹಾಗಿಲ್ಲ. ಪ್ರಿನ್ಸಿಪಲ್ ಅಂತ ಕನ್ನಡದಲ್ಲಿ ಬರೆದ್ರೆ ಕಾಲೇಜಿನ ಮುಖ್ಯಸ್ಥರೂ ಅದೇ, ಸಾಲದ ಅಸಲೂ ಅದೇ, ಅಕೌಂಟಿಂಗ್ ತತ್ವವೂ ಅದೇ. ಇಂಗ್ಲಿಷಲ್ಲಿ ಮುಖ್ಯಸ್ಥರಿಗೂ ಅಸಲಿಗೂ ಕೊನೆಗೆ ಪಿ-ಎ-ಎಲ್, ತತ್ವಕ್ಕೆ ಪಿ-ಎಲ್-ಇ. ಸ್ಟೇಷನರಿನೂ ಹಂಗೇ. ಪೆನ್ನು-ಪೇಪರ್ರಿಗೆ ಇ-ಆರ್-ವೈ, ನಿಂತಲ್ಲೇ ನಿಂತಿರೋದಕ್ಕೆ ಎ-ಆರ್-ವೈ. ಮಧ್ಯಯುಗದ ಯುರೋಪಲ್ಲಿ ಊರೂರು ಸುತ್ತದೆ ಒಂದೇ ಕಡೆ ಅಂಗಡಿ ಇಟ್ಕೊಂಡು ಪುಸ್ತಕ ಮಾರೋರನ್ನ ಸ್ಟೇಷನರ್ ಅಂತಿದ್ರು. ಎರಡು ಪದಕ್ಕೂ ಬೇರು ಒಂದೇ, ಗೊಂದಲ ಇಂಗ್ಲಿಷಿನ ಹೊಟ್ಟೆಯಲ್ಲೇ ಇದೆ. ಇಂಗ್ಲಿಷ್ ಮನೆಮಾತಾದವರೂ ‘ಇಟ್ಸ್’ ಬರೆಯುವಾಗ ಅಪಾಸ್ಟ್ರಫಿ ಬೇಕಾ ಬೇಡ್ವಾ ಅಂತ ತಡವರಿಸ್ತಾರೆ.

ಮೂರನೇದು ಕಿವಿ. ಬನಿಯನ್ನಿಗೆ ಹೇಳೋ ವೆಸ್ಟ್, ಪಶ್ಚಿಮದ ವೆಸ್ಟ್. ನಮ್ಮಲ್ಲಿರೋದು ಒಂದೇ ‘ವ’. ಕಳ್ಕೊಳ್ಳೋದು ಲೂಸ್, ಸಡಿಲ ಇರೋದೂ ಲೂಸ್ (ನಮ್ಮಲ್ಲಂತೂ ಲೂಸ್ ಅಂದ್ರೆ ಅರ್ಥವೇ ಬೇರೆ 😄). ಕನ್ನಡದಲ್ಲೂ ‘ಹಾಲು’ ಬದಲು ‘ಆಲು’ ಅಂದವರನ್ನ ಆಡ್ಕೋತಾರಲ್ಲ, ಇದೂ ಅದೇ ರೋಗ. ನಾಲಿಗೆ ತನ್ನೂರಿನ ಅಭ್ಯಾಸ ಬಿಡಲ್ಲ. ಅದಕ್ಕೂ ಬುದ್ಧಿಗೂ ಸಂಬಂಧ ಇಲ್ಲ.

4/4
‘ಅರ್ಥ ಆದ್ರೆ ಸಾಕು ಬಿಡು’ ಅನ್ನೋರೂ ಇದ್ದಾರೆ. ಚಾಟಲ್ಲಿ ಓಕೆ. ಸಾಲದ ಪತ್ರದಲ್ಲಿ, ಕ್ಲೈಂಟಿಗೆ ಕಳಿಸೋ ಮೇಲಲ್ಲಿ ನಡೆಯಲ್ಲ. ದುಡ್ಡು ಯಾರು ಯಾರಿಗೆ ಕೊಡ್ಬೇಕು ಅನ್ನೋದೇ ತಿರುಗಿಬಿಡುತ್ತೆ. ಸ್ಪೆಲ್‌ಚೆಕ್ ನಂಬ್ಕೊಂಡು ಕೂರೋಕೂ ಆಗಲ್ಲ. ಎರಡೂ ಸರಿಯಾದ ಪದಗಳೇ ಆಗಿರೋದ್ರಿಂದ ಎಷ್ಟೋ ಸಲ ಕೆಂಪು ಗೆರೆ ಬರೋದೇ ಇಲ್ಲ. ಅದಕ್ಕೇ ಕಲೀಲೇಬೇಕು. ಹೀಗೆ ಮಾಡಿ:

👉 ಅರ್ಥದ್ದಾದ್ರೆ ಪದ ಬೈಹಾರ್ಟ್ ಮಾಡ್ಬೇಡಿ, ವಾಕ್ಯ ಮಾಡಿ. ಲೆಂಡ್ ಜೊತೆ ‘ಟು’, ಬಾರೋ ಜೊತೆ ‘ಫ್ರಮ್’. ದುಡ್ಡು ಯಾವ ಕಡೆ ಹೋಗ್ತಿದೆ ಅಂತ ಅದೇ ಹೇಳುತ್ತೆ.

👉 ಸ್ಪೆಲಿಂಗಿದ್ದಾದ್ರೆ ಕೈಯಲ್ಲಿ ಬರೀರಿ, ಒಂದು ಗುರುತು ಇಟ್ಕೊಳ್ಳಿ. ಎನ್ವಲಪ್ ಶುರುವಾಗೋದು ‘ಇ’ಯಿಂದ, ಅದು ಸಿಗೋ ಸ್ಟೇಷನರಿಗೂ ‘ಇ’. ಸಡಿಲ ಲೂಸಿಗೆ ಎರಡು ‘ಓ’, ಕಳ್ಕೊಳ್ಳೋದ್ರಲ್ಲಿ ಒಂದು ‘ಓ’ ಕಳೆದೋಗಿದೆ.

👉 ಕಿವಿದಾದ್ರೆ ಜೋರಾಗಿ ಹೇಳಿ. ಬನಿಯನ್ನಿನ ವೆಸ್ಟಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪಶ್ಚಿಮಕ್ಕೆ ತುಟಿ ದುಂಡಗಾಗಬೇಕು.

👉 ಎರಡನ್ನೂ ಒಂದೇ ದಿನ ಕಲೀಬೇಡಿ. ಒಂದು ಗಟ್ಟಿಯಾಗ್ಲಿ, ಆಮೇಲೆ ಇನ್ನೊಂದು. ಅವಳಿ-ಜವಳಿನ ಒಟ್ಟಿಗೆ ಪರಿಚಯ ಮಾಡಿಸಿದ್ರೆ ಹೆಸರು ಯಾರಿಗೆ ತಾನೇ ನೆನಪಿರುತ್ತೆ?

ಇನ್ನು ಹಿಂದಿನ ಬೆಂಚಿನವರಿಗೆ ಒಂದು ರಿಕ್ವೆಸ್ಟ್. ಮುಂದಿನ ಸಲ ಯಾರಾದ್ರೂ ‘ಬಾರೋ’ ಅಂದ್ರೆ ಮೆಲ್ಲಗೆ ‘ಲೆಂಡ್’ ಅಂತ ಹೇಳ್ಕೊಡಿ. ಮುಂದಿನ ವಾರನೂ ಅವರು ಕೈ ಎತ್ತಲಿ.

ನಿಮ್ಮನ್ನ ಕಾಡೋ ಜೋಡಿ ಪದ ಯಾವುದು? ಕಾಮೆಂಟಲ್ಲಿ ಹಾಕಿ. ಅರ್ಥದ್ದಾ, ಸ್ಪೆಲಿಂಗಿದ್ದಾ, ಕಿವಿದಾ ಅಂತ ಎಲ್ರೂ ಸೇರಿ ನೋಡೋಣ.

#ಕನ್ನಡಮೀಡಿಯಂ #ಬಿಕಾಂಬದುಕು #ಇಂಗ್ಲಿಷ್‌ಕಲಿಕೆ