ಉಳಿಸಿದ್ದು ಸರಿ, ತೆತ್ತದ್ದು ಎಷ್ಟು?

ನಮ್ಮ ಕ್ಷೇತ್ರದ ಸಂಶೋಧನಾ ಪ್ರಬಂಧಗಳ ಸಾರಾಂಶಗಳನ್ನು ಸಾಲಾಗಿ ಓದುತ್ತಾ ಹೋದರೆ ಆಷಾಢದ ಸೀರೆ ಅಂಗಡಿಗಳ ಬೋರ್ಡು ಓದಿದಂತಾಗುತ್ತದೆ. ಶೇಕಡಾ ಇಷ್ಟು ವಿದ್ಯುತ್ ಉಳಿತಾಯ, ಶೇಕಡಾ ಇಷ್ಟು ಜಾಗ ಉಳಿತಾಯ, ಮೇಲಾಗಿ ವೇಗವೂ ಹೆಚ್ಚು. ನಾನು ಮೆಮೊರಿ ಚಿಪ್‌ಗಳ ಸರ್ಕ್ಯೂಟ್ ವಿನ್ಯಾಸದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ನನ್ನ ತಕರಾರು ಇಷ್ಟು: ಮೆಮೊರಿಯಲ್ಲಿ ಪುಕ್ಕಟೆ ಉಳಿತಾಯವಿಲ್ಲ. ಒಂದು ಕಡೆ ಉಳಿಸಿದ್ದಕ್ಕೆ ಇನ್ನೊಂದು ಕಡೆ ತೆರಲೇಬೇಕು. ಉಳಿಸಿದ್ದನ್ನು ದೊಡ್ಡಕ್ಷರದಲ್ಲಿ ಬರೆದು ತೆತ್ತದ್ದನ್ನು ಮುಚ್ಚಿಡುವ ಕೆಲಸಕ್ಕೆ ಸಂಶೋಧನೆ ಎಂಬ ಹೆಸರು ಬೇಡ.

ಈ ಕೊಡುಕೊಳ್ಳುವಿಕೆ ಮೊದಲಿನಿಂದಲೂ ಇದೆ. ಪ್ರೊಸೆಸರ್‌ನ ಮಗ್ಗುಲಲ್ಲೇ ಕೂರುವ ವೇಗದ ಮೆಮೊರಿ, ಅಂದರೆ ಎಸ್‌ರ‍್ಯಾಮ್, ಒಂದು ಬಿಟ್ ಕಾಪಾಡಲು ಸಾಮಾನ್ಯವಾಗಿ 6 ಟ್ರಾನ್ಸಿಸ್ಟರ್ ಬಳಸುತ್ತದೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಡಿರ‍್ಯಾಮ್ ಕೋಶಕ್ಕೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್ ಸಾಕು. ಜಾಗ ಎಷ್ಟೋ ಉಳಿಯಿತು. ಆದರೆ ಅದು ಸೋರುವ ಕೊಡ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಬೇಕು. ಡಿರ‍್ಯಾಮ್ ಮಾಡುವವರು ಇದನ್ನು ಮುಚ್ಚಿಡುವುದಿಲ್ಲ. ಎಷ್ಟು ಹೊತ್ತಿಗೊಮ್ಮೆ ತುಂಬಬೇಕೆಂದು ಚಿಪ್‌ನ ವಿವರಪಟ್ಟಿಯಲ್ಲೇ ಅಚ್ಚು ಹಾಕುತ್ತಾರೆ.

ನಾವು ಅಷ್ಟು ಪ್ರಾಮಾಣಿಕರೇ? ಎಸ್‌ರ‍್ಯಾಮ್‌ನಲ್ಲಿ ನೂರಾರು ಕೋಶಗಳಿಗೆ ಸೇರಿ ಒಂದು ಜೋಡಿ ತಂತಿ ಇರುತ್ತದೆ, ಅದೇ ಬಿಟ್‌ಲೈನ್. ಓದುವ ಮುನ್ನ ಎರಡನ್ನೂ ಒಂದೇ ವೋಲ್ಟೇಜಿಗೆ ಏರಿಸುತ್ತೇವೆ. ಆಯ್ದ ಕೋಶ ಅವುಗಳಲ್ಲೊಂದನ್ನು ಮೆಲ್ಲಗೆ ಕೆಳಗಿಳಿಸತೊಡಗುತ್ತದೆ. ಪೂರ್ತಿ ಇಳಿಯುವ ತನಕ ಕಾದರೆ ಹೊತ್ತೂ ಹಾಳು, ವಿದ್ಯುತ್ತೂ ಹಾಳು. ಅದಕ್ಕೇ ತಂತಿಯ ತುದಿಯಲ್ಲಿ ಸೆನ್ಸ್ ಆಂಪ್ಲಿಫೈಯರ್ ಇಡುತ್ತೇವೆ. ಸುಮಾರು 100 ಮಿಲಿವೋಲ್ಟ್ ವ್ಯತ್ಯಾಸ ಕಂಡರೂ ಅದು ಸೊನ್ನೆಯೋ ಒಂದೋ ಎಂದು ತೀರ್ಪು ಕೊಡುತ್ತದೆ. ವೇಗವೂ ಉಳಿತಾಯವೂ ಒಟ್ಟಿಗೆ ಸಿಗುವ ಅಪರೂಪದ ಜಾಗ ಇದು.

ಆದರೆ ತೂಗುವ ತಕ್ಕಡಿಯೇ ಒಂದು ಕಡೆ ವಾಲಿದ್ದರೆ? ಆಂಪ್ಲಿಫೈಯರ್ ಒಳಗಿನ ಜೋಡಿ ಟ್ರಾನ್ಸಿಸ್ಟರ್‌ಗಳು ನಕ್ಷೆಯಲ್ಲಿ ಅವಳಿಗಳು, ಸಿಲಿಕಾನ್‌ನಲ್ಲಿ ಹಾಗಿರುವುದಿಲ್ಲ. ಈ ಅಸಮತೋಲ ಟ್ರಾನ್ಸಿಸ್ಟರ್‌ನ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂದು ಮಾರ್ಸೆಲ್ ಪೆಲ್‌ಗ್ರಾಮ್ ಮತ್ತು ಸಂಗಡಿಗರು 1989ರಲ್ಲೇ ತೋರಿಸಿದ್ದಾರೆ. ಅದನ್ನು ಅರ್ಧಕ್ಕಿಳಿಸಬೇಕಾದರೆ ಜಾಗ ನಾಲ್ಕು ಪಟ್ಟು ಬೇಕು. ಆಂಪ್ಲಿಫೈಯರ್ ಕಿರಿದು ಮಾಡಿ ಜಾಗ ಉಳಿಸಿದವರು ಬಿಟ್‌ಲೈನ್ ಇನ್ನಷ್ಟು ಇಳಿಯುವ ತನಕ ಕಾಯಬೇಕು. ಕಾದಷ್ಟೂ ವೇಗ ಕಡಿಮೆ, ವಿದ್ಯುತ್ ಖರ್ಚು ಹೆಚ್ಚು. ಜಾಗದ ಖಾತೆಯ ಲಾಭ ವಿದ್ಯುತ್ತಿನ ಖಾತೆಯಲ್ಲಿ ಸಾಲವಾಗಿ ಕೂತಿರುತ್ತದೆ. ಅವಳಿಗಳೆಂದೇ ನಂಬಿ ಸಿಮ್ಯುಲೇಷನ್ ಮಾಡಿದ ಪ್ರಬಂಧದಲ್ಲಿ ಆ ಸಾಲ ಕಾಣುವುದೇ ಇಲ್ಲ.

ಅಸಮತೋಲವನ್ನು ಪರಿಗಣಿಸಿದ್ದೇವೆ ಎನ್ನುವವರು ಸಾವಿರ ಸಲದ ಮಾಂಟೆ ಕಾರ್ಲೊ ಪರೀಕ್ಷೆ ತೋರಿಸುತ್ತಾರೆ. ಒಂದು ಮೆಗಾಬಿಟ್ ಎಂದರೆ 10,48,576 ಕೋಶಗಳು. ಸಾವಿರಕ್ಕೊಂದು ಸೋತರೂ ಸಾವಿರಕ್ಕೂ ಹೆಚ್ಚು ಕೋಶ ಕೆಟ್ಟಂತೆ. ಸಾವಿರದಲ್ಲಿ ಒಂದೂ ಸೋಲಲಿಲ್ಲ ಎಂಬ ಮಾತು ಹತ್ತು ಲಕ್ಷಕ್ಕೆ ಜಾಮೀನಾಗುವುದಿಲ್ಲ. ಅಪರೂಪದ ಸೋಲನ್ನೇ ಹುಡುಕಿ ತೆಗೆಯುವ ಸಂಖ್ಯಾಶಾಸ್ತ್ರದ ವಿಧಾನಗಳಿವೆ. ಅವಕ್ಕೆ ತಾಳ್ಮೆ ಬೇಕು, ಅಷ್ಟೇ.

ಇನ್ನು 6ರ ಬದಲು 8, 10 ಟ್ರಾನ್ಸಿಸ್ಟರ್ ಹಾಕಿ ಕೋಶವೊಂದರ ವಿದ್ಯುತ್ ಇಳಿಸುವ ಜಾಣತನ. ಕೋಶ ಉದ್ದವಾದರೆ ಬಿಟ್‌ಲೈನೂ ಉದ್ದವಾಗುತ್ತದೆ, ಅದನ್ನು ತುಂಬಿಸುವ ಖರ್ಚು ಏರುತ್ತದೆ. ಒಂದೇ ಕೋಶ ಅಳೆದವರಿಗೆ ಇದು ಗೊತ್ತಾಗುವುದು ಹೇಗೆ? ಟಿಎಸ್‌ಎಂಸಿಯ 5 ನ್ಯಾನೋಮೀಟರ್ ಪೀಳಿಗೆಯ ಅತಿ ಚಿಕ್ಕ ಎಸ್‌ರ‍್ಯಾಮ್ ಕೋಶ 0.021 ಚದರ ಮೈಕ್ರೋಮೀಟರ್. 2022ರಲ್ಲಿ 3 ನ್ಯಾನೋಮೀಟರ್ ಪೀಳಿಗೆಯ ಎನ್3ಇ ವಿವರ ಬಂದಾಗಲೂ ಅಷ್ಟೇ. ಜಗತ್ತಿನ ಮುಂಚೂಣಿ ಕಾರ್ಖಾನೆಯೇ ಜಾಗಕ್ಕೆ ತಿಣುಕುತ್ತಿರುವಾಗ ನಮ್ಮ ಪಟ್ಟಿಗಳಲ್ಲಿ ಇಷ್ಟೊಂದು ಜಾಗ ಎಲ್ಲಿಂದ ಬಂತು?

"ನಮ್ಮಲ್ಲಿ ಚಿಪ್ ಮಾಡಿಸುವ ಅನುಕೂಲ ಎಲ್ಲಿದೆ? ಮೊದಲು ಪೇಪರ್ ಬರಲಿ" ಎಂಬುದು ಹಿರಿಯರ ಸಮಾಧಾನ. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೋಮೀಟರ್ ಸಾಲು ಇದೆ. ಕೇಂದ್ರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಡಿ ವಿದ್ಯಾರ್ಥಿಗಳ ವಿನ್ಯಾಸಗಳು ಅಲ್ಲಿ ಚಿಪ್ ಆಗಿವೆ. ಹಳೆಯ ತಂತ್ರಜ್ಞಾನ, ಒಪ್ಪಿದೆ. ಆದರೆ ಸೆನ್ಸ್ ಆಂಪ್ಲಿಫೈಯರ್‌ನ ಅಸಮತೋಲವನ್ನು ಅಲ್ಲೂ ಕೈಯಾರೆ ಅಳೆಯಬಹುದು. ಎಲ್ಲರಿಗೂ ಆ ಅವಕಾಶ ಸಿಗುವುದಿಲ್ಲ ಎಂಬುದೂ ನಿಜ. ಸಿಗದವರು ಸಿಮ್ಯುಲೇಷನ್ ಮಾಡಲಿ, ಅದರಲ್ಲಿ ಅವಮಾನವಿಲ್ಲ. ಅದರ ಮಿತಿಯನ್ನು ಬರೆಯದಿರುವುದಕ್ಕೆ ಮಾತ್ರ ಬಡತನ ನೆಪವಾಗಬಾರದು.

ಈ ಮುಚ್ಚುಮರೆಯಿಂದ ಸೋಲುವವರು ಲೆಕ್ಕ ಕೊಟ್ಟವರೇ. ಅಸಮತೋಲದ ಬೆಲೆಯನ್ನೂ ಸೇರಿಸಿ ನಾನು ಕಳಿಸಿದ ಬರಹವೊಂದಕ್ಕೆ ಬಂದ ಮೊದಲ ಷರಾ, ಉಳಿತಾಯ ಇತರರಿಗಿಂತ ಕಡಿಮೆ ಎಂದು. ಆ ಇತರರಲ್ಲಿ ಎಷ್ಟು ಮಂದಿ ಅದೇ ಬೆಲೆಯನ್ನು ಸೇರಿಸಿದ್ದರು ಎಂದು ಯಾರೂ ಕೇಳಲಿಲ್ಲ. ಪಿಎಚ್.ಡಿಗೆ ಪೇಪರ್ ಕಡ್ಡಾಯವೆಂಬುದನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿತು. ಕೆಲಸದ ಸಂದರ್ಶನಗಳಲ್ಲಿ ಎಣಿಸುವುದು ನಿಂತಿಲ್ಲ. ಹೀಗಾಗಿ ಮುಂದಿನ ವರ್ಷ ಬರುವ ಹುಡುಗಿ ಆ ಪಟ್ಟಿಗಳನ್ನೇ ನಂಬಿ, ಇಲ್ಲದ ದಾಖಲೆಯೊಂದನ್ನು ಮುರಿಯಲು ತನ್ನ ಎರಡು ವರ್ಷ ಸುರಿಯುತ್ತಾಳೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಹೋಲಿಕೆಯ ಪಟ್ಟಿಗೆ ನಾಲ್ಕು ಅಂಕಣ ಸೇರಲಿ: ಅಳೆದದ್ದೋ ಲೆಕ್ಕ ಹಾಕಿದ್ದೋ, ಒಂದು ಕೋಶವೋ ಇಡೀ ಮೆಮೊರಿಯೋ, ಎಷ್ಟು ಕೋಶಕ್ಕೊಂದು ಸೋಲು, ಈ ಉಳಿತಾಯಕ್ಕೆ ತೆತ್ತದ್ದೇನು. ಮಾರ್ಗದರ್ಶಕರು ಸಹಿ ಹಾಕುವ ಮುನ್ನ, ವಿಮರ್ಶಕರು ಶೇಕಡಾವಾರು ಕೇಳುವ ಮುನ್ನ, ನಾಲ್ಕನೆಯ ಅಂಕಣ ಖಾಲಿಯಿದ್ದರೆ ಪ್ರಬಂಧವನ್ನು ವಾಪಸ್ ಕಳಿಸಲಿ. ನನ್ನದನ್ನೂ ಸೇರಿಸಿ.